ಸ್ಪೀಕರಿನ ಚಾರ್ಜಿಂಗ್ ಪಿನ್ ಕೆಟ್ಟರೆ ಬೆಸುಗೆಗೆ ಮೊದಲು ನೋಡಬೇಕಾದದ್ದು

ಬಿಳಿಜೋಳದ ರಾಶಿಯ ದಿನಗಳಲ್ಲಿ ವಿಜಯಪುರದ ಸುತ್ತಲಿನ ಹಳ್ಳಿಗಳ ಕಣದಲ್ಲಿ ಒಂದು ಬ್ಲೂಟೂತ್ ಸ್ಪೀಕರ್ ಹಾಡುತ್ತಲೇ ಇರುತ್ತದೆ. ರಾಶಿ ಮುಗಿದ ಮೇಲೆ ಅದು ದುರಸ್ತಿಗೆಂದು ನನ್ನ ಮೇಜಿಗೆ ಬರುತ್ತದೆ, ಜೊತೆಗೆ ಒಂದೇ ಮಾತು: “ಪಿನ್ ಹೋಗೇತ್ರಿ, ಬ್ಯಾರೆ ಹಾಕಿಕೊಡ್ರಿ.” ಹೋದ ವರ್ಷ ಹೀಗೆ ಬಂದ ಒಂದು ಸ್ಪೀಕರಿನ ಪೋರ್ಟನ್ನು, ಅಂದರೆ ಜನ ಪಿನ್ ಎಂದು ಕರೆಯುವ ಕೇಬಲ್ ಚುಚ್ಚುವ ಬಾಯಿಯನ್ನು, ಭೂತಗನ್ನಡಿಯಲ್ಲಿ ನೋಡಿದೆ. ಜೋಳದ ಹೊಟ್ಟು ಮತ್ತು ಎರೆಮಣ್ಣಿನ ಧೂಳು, ಕೇಬಲ್ ಚುಚ್ಚಿದಾಗಲೆಲ್ಲ ಒತ್ತಿಸಿಕೊಂಡು, ತಳದಲ್ಲಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕುಳಿತಿದ್ದವು. ಅದನ್ನು ಕೆದರಿ ತೆಗೆದ ಮೇಲೆ ಕೇಬಲ್ ಪೂರ್ತಿ ಒಳಗೆ ಹೋಗಿ ಟಕ್ಕೆಂದು ಕುಳಿತಿತು, ಕೆಂಪು ದೀಪ ಹೊತ್ತಿತು. ಪೋರ್ಟಿಗೆ ಏನೂ ಆಗಿರಲಿಲ್ಲ. ಆದ್ದರಿಂದ ದೋಷ ಎಲ್ಲಿದೆ ಎಂದು ಖಚಿತವಾಗುವವರೆಗೆ ಸೋಲ್ಡರಿಂಗ್ ಐರನ್ ಬಿಸಿ ಮಾಡಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಳ್ಳೆಯ ಪೋರ್ಟನ್ನು ಕೀಳುವಾಗ ಬೋರ್ಡಿನ ತಾಮ್ರವೂ ಕಿತ್ತು ಬಂದರೆ, ಇಲ್ಲದ ರೋಗಕ್ಕೆ ಮದ್ದು ಮಾಡಲು ಹೋಗಿ ಹೊಸ ರೋಗ ತಂದಂತಾಗುತ್ತದೆ.

ಮೊದಲು ಬೇರೆ ಕೇಬಲ್ ಮತ್ತು ಬೇರೆ ಅಡಾಪ್ಟರಿನಲ್ಲಿ ಹಾಕಿ ನೋಡಬೇಕು. ಸಿ-ಟೈಪ್ ಪೋರ್ಟ್ ಇದ್ದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ಎರಡೂ ತುದಿ ಸಿ-ಟೈಪ್ ಇರುವ ಕೇಬಲನ್ನು ಹೊಸ ಮಾದರಿಯ ಅಡಾಪ್ಟರಿಗೆ ಜೋಡಿಸಿದಾಗ, ಎದುರಿಗೆ ಚಾರ್ಜ್ ಬೇಡುವ ಸಾಧನವಿದೆ ಎಂದು ಗೊತ್ತಾಗುವವರೆಗೆ ಅಡಾಪ್ಟರ್ 5 ವೋಲ್ಟ್ ಕೊಡುವುದೇ ಇಲ್ಲ. ಆ ಗುರುತನ್ನು ಕೊಡುವುದು ಸ್ಪೀಕರಿನ ಬೋರ್ಡಿನಲ್ಲಿರುವ 5.1 ಕಿಲೋ ಓಮ್‌ನ ಎರಡು ಚಿಕ್ಕ ರೆಸಿಸ್ಟರುಗಳು. ಪೋರ್ಟಿನ ಸಿಸಿ1 ಮತ್ತು ಸಿಸಿ2 ಎಂಬ ಎರಡು ಪಿನ್ನುಗಳಿಂದ ಗ್ರೌಂಡಿಗೆ, ಅಂದರೆ ಬೋರ್ಡಿನ ಋಣ ಸಾಲಿಗೆ, ಅವು ಒಂದೊಂದಾಗಿ ಜೋಡಣೆಯಾಗಿರುತ್ತವೆ. ಅಗ್ಗದ ಕೆಲವು ಸ್ಪೀಕರುಗಳಲ್ಲಿ ತಯಾರಿಸುವಾಗಲೇ ಈ ರೆಸಿಸ್ಟರುಗಳನ್ನು ಹಾಕಿರುವುದಿಲ್ಲ. ಅಂಥವು ಹಳೆಯ ಅಗಲ ಬಾಯಿಯ ಯುಎಸ್‌ಬಿ ಅಡಾಪ್ಟರಿನಲ್ಲಿ ಚೆನ್ನಾಗಿ ಚಾರ್ಜ್ ಆಗಿ, ಹೊಸ ಫೋನಿನ ಚಾರ್ಜರಿನಲ್ಲಿ ಮಾತ್ರ ಸುಮ್ಮನಿರುತ್ತವೆ. ಇದಕ್ಕೆ ಪೋರ್ಟ್ ಬದಲಿಸಿ ಪ್ರಯೋಜನವಿಲ್ಲ, ಹಳೆಯ ಅಡಾಪ್ಟರನ್ನೇ ಬಳಸಿದರಾಯಿತು. ಆದರೆ ಹಿಂದೆ ಅದೇ ಹೊಸ ಚಾರ್ಜರಿನಲ್ಲಿ ಸರಿಯಾಗಿದ್ದು, ಈಗ ಕೇಬಲನ್ನು ತಿರುವಿ ಹಾಕಿದಾಗ ಮಾತ್ರ ಚಾರ್ಜ್ ಆಗುತ್ತಿದ್ದರೆ, ಎರಡು ಸಿಸಿ ಪಿನ್ನುಗಳಲ್ಲಿ ಒಂದು ಬಿಟ್ಟುಹೋಗಿದೆ ಅಥವಾ ಅದರ ಮೇಲೆ ಕೊಳೆ ಕೂತಿದೆ ಎಂದು ತಿಳಿಯಬಹುದು.

ಸ್ವಚ್ಛಗೊಳಿಸುವಾಗ ಸ್ಪೀಕರನ್ನು ಆಫ್ ಮಾಡಿ, ಬಾಯಿ ಕೆಳಮುಖವಾಗಿ ಹಿಡಿದು, ತುದಿಯನ್ನು ಇನ್ನಷ್ಟು ತೆಳ್ಳಗೆ ಹೆರೆದ ಕಟ್ಟಿಗೆಯ ಹಲ್ಲುಕಡ್ಡಿಯಿಂದ ಬದಿಗಳನ್ನು ಮೆಲ್ಲಗೆ ಕೆದರಬೇಕು. ಗುಂಡುಪಿನ್ನು, ಸೂಜಿ ಬೇಡ. ಸಿ-ಟೈಪಿನ ನಡುವಿನ ತೆಳು ನಾಲಿಗೆಯ ಮೇಲೆ ಪಿನ್ನುಗಳು ಅರ್ಧ ಮಿಲಿಮೀಟರ್ ಅಂತರದಲ್ಲಿ ಕೂತಿರುತ್ತವೆ. ಲೋಹ ತಗುಲಿದರೆ ಅವು ಒಂದಕ್ಕೊಂದು ಸೇರಿ ಶಾರ್ಟ್ ಆಗಬಹುದು, ನಾಲಿಗೆಯೂ ಮುರಿಯಬಹುದು. ಬಾಯಿಂದ ಊದಿದರೆ ಉಸಿರಿನ ತೇವ ಒಳಗೆ ಹೋಗುತ್ತದೆ, ಅದರ ಬದಲು ರಬ್ಬರಿನ ಗಾಳಿಗುಂಡು ಬಳಸಿರಿ. ಹಸಿರು ಅಥವಾ ಬಿಳಿ ಬೂಷ್ಟಿನಂಥ ಕಿಲುಬು ಕಂಡರೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ಉಜ್ಜಿ, ಪೂರ್ತಿ ಆರಲು ಬಿಟ್ಟು, ಆಮೇಲೆಯೇ ಕೇಬಲ್ ಹಾಕಬೇಕು.

ಇಷ್ಟಾದರೂ ಚಾರ್ಜ್ ಆಗದಿದ್ದರೆ, ಅಥವಾ ಕೇಬಲನ್ನು ಕಿರುಬೆರಳಿನಿಂದ ಮೇಲೆ ಕೆಳಗೆ ಅಲುಗಿಸಿದಾಗ ದೀಪ ಹೊತ್ತಿ ಆರುತ್ತಿದ್ದರೆ, ಆಗ ಸ್ಪೀಕರ್ ಬಿಚ್ಚಲು ಕಾರಣ ಸಿಕ್ಕಿತು. ಸ್ಕ್ರೂಗಳು ಹೆಚ್ಚಾಗಿ ತಳದ ರಬ್ಬರ್ ಪಾದಗಳ ಅಡಿಯಲ್ಲೋ ಮುಂದಿನ ಜಾಲರಿಯ ಹಿಂದೆಯೋ ಅಡಗಿರುತ್ತವೆ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿರಿ. ಒಳಗೆ ಕೈ ಹಾಕಿದ ಕೂಡಲೇ ಮಾಡಬೇಕಾದ ಕೆಲಸವೆಂದರೆ ಬ್ಯಾಟರಿಯನ್ನು ಬೋರ್ಡಿನಿಂದ ಬೇರ್ಪಡಿಸುವುದು. ಸಾಕೆಟ್ ಇದ್ದರೆ ಅದನ್ನು ಹಿಡಿದೇ ಎಳೆಯಬೇಕು, ತಂತಿ ಹಿಡಿದು ಎಳೆಯಬಾರದು. ತಂತಿಗಳು ನೇರವಾಗಿ ಬೆಸುಗೆಯಾಗಿದ್ದರೆ ಒಂದನ್ನು ಬಿಡಿಸಿ, ಅದಕ್ಕೆ ಟೇಪು ಸುತ್ತಿ, ಆಮೇಲೆಯೇ ಇನ್ನೊಂದನ್ನು ಮುಟ್ಟಬೇಕು. ಲಿಥಿಯಂ ಸೆಲ್ಲಿನ ಎರಡೂ ತಂತಿಗಳನ್ನು ಒಂದೇ ಕತ್ತರಿಯಿಂದ ಒಟ್ಟಿಗೆ ಕತ್ತರಿಸಿದರೆ ಅಲ್ಲೇ ಶಾರ್ಟ್ ಆಗಿ ಬೆಂಕಿಯೇ ಹೊತ್ತಬಹುದು. ಸೆಲ್ ಉಬ್ಬಿರುವುದು ಕಂಡರೆ ಒತ್ತದೆ, ಚುಚ್ಚದೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿರಿ.

ಈಗ ಮಲ್ಟಿಮೀಟರಿನ ಸರದಿ. ಹಳೆಯ ಅಡಾಪ್ಟರ್ ಮತ್ತು ಕೇಬಲ್ ಜೋಡಿಸಿ, ಪೋರ್ಟಿನ ಪಕ್ಕದಲ್ಲಿರುವ ಮೊದಲ ಕೆಪಾಸಿಟರಿನ (ಕ್ಷಣಕಾಲ ವಿದ್ಯುತ್ ಹಿಡಿದಿಡುವ ಚಿಕ್ಕ ಬಿಡಿಭಾಗ) ಎರಡು ತುದಿಗಳ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. ಬಹಳಷ್ಟು ಬೋರ್ಡುಗಳಲ್ಲಿ ಅದು ಚಾರ್ಜಿಂಗ್ ಸಾಲಿನ ಮೇಲೆಯೇ ಇರುತ್ತದೆ. ಅಲ್ಲಿ 5 ವೋಲ್ಟ್ ಆಸುಪಾಸು ಸ್ಥಿರವಾಗಿ ನಿಂತರೆ ಪೋರ್ಟ್ ತನ್ನ ಕೆಲಸ ಮಾಡುತ್ತಿದೆ, ದೋಷ ಮುಂದಿನ ಚಾರ್ಜಿಂಗ್ ಐಸಿಯಲ್ಲೋ (ಚಾರ್ಜನ್ನು ನಿಯಂತ್ರಿಸುವ ಚಿಪ್) ಬ್ಯಾಟರಿಯಲ್ಲೋ ಇದೆ ಎಂದರ್ಥ. ಒಂದೇ ಸೆಲ್ ಇರುವ ಸ್ಪೀಕರಿನಲ್ಲಿ ಪೂರ್ತಿ ತುಂಬಿದ ಲಿಥಿಯಂ ಅಯಾನ್ ಬ್ಯಾಟರಿ 4.2 ವೋಲ್ಟ್ ತೋರಿಸುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದು 2.5 ವೋಲ್ಟ್‌ಗಿಂತ ಕೆಳಗಿಳಿದ ಸೆಲ್ಲನ್ನು ಬಲವಂತದಿಂದ ಎಬ್ಬಿಸುವುದು ಅಪಾಯ, ಹೊಸದನ್ನೇ ಹಾಕಬೇಕು. ಕೆಪಾಸಿಟರಿನ ಬಳಿ ವೋಲ್ಟೇಜೇ ಇಲ್ಲದಿದ್ದರೆ ಅಥವಾ ಕೇಬಲ್ ಅಲುಗಿಸಿದಂತೆ ಅದು ಬಂದು ಹೋಗುತ್ತಿದ್ದರೆ ಮಾತ್ರ ದೋಷ ಪೋರ್ಟಿನದು.

ಆಗಲೂ ಬದಲಿಸುವ ಮುನ್ನ ಪೋರ್ಟಿನ ಲೋಹದ ಕವಚದ ದಪ್ಪ ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡಿರಿ. ಕೇಬಲಿನ ಎಳೆತವನ್ನೆಲ್ಲ ತಡೆಯುವುದು ಆ ಕಾಲುಗಳು. ಅವುಗಳ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಉಂಗುರದ ಬಿರುಕು ಕಂಡರೆ, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಅಂಟು) ಸವರಿ ಹೊಸ ಸೋಲ್ಡರ್ ತುಂಬಿದರೆ ಸಾಕಾಗುವುದುಂಟು. ಪೋರ್ಟೇ ಮುರಿದಿದ್ದರೆ ಸುತ್ತಲಿನ ಪ್ಲಾಸ್ಟಿಕ್ ಭಾಗಗಳಿಗೆ ಶಾಖ ತಡೆಯುವ ಟೇಪು ಹಚ್ಚಿ, ಎಲ್ಲ ಕಾಲುಗಳಿಗೂ 63 ಭಾಗ ತವರ, 37 ಭಾಗ ಸೀಸದ ಸೋಲ್ಡರ್ ಹಾಕಿರಿ. ಇದು 183 ಡಿಗ್ರಿಗೇ ಕರಗುತ್ತದೆ. ಕಾರ್ಖಾನೆಯ ಸೀಸರಹಿತ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಎರಡೂ ಬೆರೆತಾಗ ಕಡಿಮೆ ಶಾಖದಲ್ಲಿ ಪೋರ್ಟ್ ಸಡಿಲವಾಗುತ್ತದೆ. ಬಿಸಿ ಗಾಳಿಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತಿಸುತ್ತಾ, ಚಿಮ್ಮಟದಿಂದ ಮುಟ್ಟಿದಾಗ ಪೋರ್ಟ್ ತಾನಾಗಿ ತೇಲುವವರೆಗೆ ಕಾಯಬೇಕು. ಎಳೆದರೆ ಪ್ಯಾಡ್, ಅಂದರೆ ಕಾಲು ಕೂರುವ ಬೋರ್ಡಿನ ತಾಮ್ರದ ಚೂರು, ಹರಿಯುತ್ತದೆ. ಕೆಲಸ ಕಿಟಕಿಯ ಬಳಿ ಆಗಲಿ, ಮುಗಿದ ಮೇಲೆ ಸೀಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಿರಿ.

ಬಿಚ್ಚಿದ ಪೋರ್ಟನ್ನು ಜೇಬಿನಲ್ಲಿಟ್ಟುಕೊಂಡೇ ವಿಜಯಪುರದ ಗಾಂಧಿ ಚೌಕದ ಅಂಗಡಿಗಳ ಕಡೆ ಹೋಗಿರಿ. ಮೈಕ್ರೋ ಯುಎಸ್‌ಬಿಗೆ 5 ಪಿನ್ನುಗಳು. ಸಿ-ಟೈಪಿನಲ್ಲಿ ಚಾರ್ಜಿಂಗಿಗಷ್ಟೇ ಇರುವ 6 ಪಿನ್ನಿನದೂ ಇದೆ, 16 ಪಿನ್ನಿನದೂ ಇದೆ, ಕಾಲುಗಳ ಅಂತರ ಬೇರೆ ಬೇರೆ. ಅಂಗಡಿಯಲ್ಲೇ ಹಳೆಯದರ ಪಕ್ಕ ಇಟ್ಟು ಹೋಲಿಸದೆ ಕೊಳ್ಳಬಾರದು. ಹೊಸದನ್ನು ಕೂರಿಸುವಾಗ ಮೊದಲು ದಪ್ಪ ಕಾಲುಗಳ ರಂಧ್ರ ತುಂಬುವಂತೆ ಬೆಸುಗೆ ಹಾಕಿ, ಆಮೇಲೆ ಸಣ್ಣ ಪಿನ್ನುಗಳಿಗೆ ಫ್ಲಕ್ಸ್ ಹಚ್ಚಿ ಸುಮಾರು 330 ಡಿಗ್ರಿಯ ಐರನ್ ತುದಿಯನ್ನು ತಾಗಿಸಿರಿ. ಎರಡು ಪಿನ್ನುಗಳ ನಡುವೆ ಸೇತುವೆ ಕಟ್ಟಿದ್ದರೆ ತಾಮ್ರದ ಜಡೆಯಿಂದ ಹೀರಿಸಬೇಕು. ಪ್ಯಾಡ್ ಕಿತ್ತುಹೋಗಿದ್ದರೆ ಅದರ ಗೆರೆ ಹೋಗಿ ಸೇರುವ ಬಿಡಿಭಾಗದವರೆಗೆ ತೆಳ್ಳನೆಯ ಎನಾಮೆಲ್ ತಂತಿ ಎಳೆಯಬಹುದು. ಕೊನೆಗೆ ಕೇಬಲ್ ಜೋಡಿಸದೆ, ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ 5 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ ಇಟ್ಟಾಗ ಎಡೆಬಿಡದೆ ಬೀಪ್ ಬಂದರೆ ಶಾರ್ಟ್ ಇದೆ. ಅದು ಹೋಗುವವರೆಗೆ ಬ್ಯಾಟರಿ ಜೋಡಿಸಬಾರದು.

ಕೆಂಪು, ಕಪ್ಪು ತಂತಿಗಳನ್ನು ಫೋಟೊದೊಂದಿಗೆ ಹೋಲಿಸಿ ಬ್ಯಾಟರಿ ಜೋಡಿಸಿ, ಡಬ್ಬಿ ಮುಚ್ಚುವ ಮೊದಲೇ ಅರ್ಧ ಗಂಟೆ ಚಾರ್ಜಿಗೆ ಹಾಕಿ ಪಕ್ಕದಲ್ಲೇ ಕುಳಿತು ನೋಡಿರಿ. ಐಸಿ ಬೆಚ್ಚಗಾಗುವುದು ಸಹಜ, ಸೆಲ್ ಬಿಸಿಯಾಗಬಾರದು. ನೀರು ತಡೆಯುವ ಸ್ಪೀಕರಾಗಿದ್ದರೆ ಅದರ ರಬ್ಬರ್ ಸುತ್ತುಪಟ್ಟಿಯನ್ನು ತೋಡಿನಲ್ಲಿ ಸರಿಯಾಗಿ ಕೂರಿಸಬೇಕು; ಆದರೂ ಒಮ್ಮೆ ಬಿಚ್ಚಿದ್ದನ್ನು ಮತ್ತೆ ನೀರಿನ ಬಳಿ ಒಯ್ಯದಿರುವುದು ಲೇಸು. ಪೋರ್ಟಿನ ರಬ್ಬರ್ ಮುಚ್ಚಳ ಕಿತ್ತುಹೋಗಿದ್ದರೆ ಹಳೆಯ ಸೈಕಲ್ ಟ್ಯೂಬಿನಿಂದ ಬೆರಳಗಲದ ತುಂಡು ಕತ್ತರಿಸಿ, ಒಂದು ಅಂಚನ್ನಷ್ಟೇ ಅಂಟಿಸಿ ಬಾಯಿಯ ಮೇಲೆ ಇಳಿಬಿಡಿರಿ. ಮುಂದಿನ ರಾಶಿಯಲ್ಲಿ ಹೊಟ್ಟು ಅದರ ಹೊರಗೇ ನಿಲ್ಲುತ್ತದೆ.