ಫಾರ್ಮ್ಯಾಟ್ ಆದ ಕಾರ್ಡಿನಿಂದ ಧಾರೆಯ ಚಿತ್ರಗಳನ್ನು ತೆಗೆದ ಬಗೆ: ನನ್ನ ಅನುಭವ

ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದ, ಅಂದರೆ ಖಾಲಿ ಮಾಡಿದ, ಮೆಮೊರಿ ಕಾರ್ಡಿನಿಂದ ಏನೂ ಸಿಗದೆಂದು ಡೊಂಬಿವಲಿಯ ನಮ್ಮ ಛಾಯಾಗ್ರಾಹಕ ಮಿತ್ರರೆಲ್ಲರೂ ಖಚಿತವಾಗಿ ಹೇಳಿದ್ದರು. ಮಾಟುಂಗಾದಲ್ಲಿ ನಡೆದ ಮದುವೆಯ 32 ಜಿಬಿ ಕಾರ್ಡನ್ನು ನನ್ನ ಸಹಾಯಕನು ಆರತಕ್ಷತೆಗೆ ಮುನ್ನ ಖಾಲಿ ಮಾಡಿ, ಅದರಲ್ಲೇ ಮೂವತ್ತರಷ್ಟು ಹೊಸ ಚಿತ್ರಗಳನ್ನೂ ತೆಗೆದಿದ್ದನು. ಅಳಿದ ಮಾಹಿತಿಯನ್ನು ಮರಳಿಸುವ ನಗರದ ಒಂದು ಪ್ರಯೋಗಾಲಯವು ಹದಿನೆಂಟು ಸಾವಿರ ರೂಪಾಯಿ ಕೇಳಿತು, ಅದೂ ಫಲಿತಾಂಶದ ಭರವಸೆಯಿಲ್ಲದೆ.

ಮೊದಲು ಐದು ಸಾವಿರದಷ್ಟು ತೆತ್ತು ಕೊಂಡ ತಂತ್ರಾಂಶವು ಪುಟ್ಟ ಮುನ್ನೋಟದ ಚಿತ್ರಗಳನ್ನೆಲ್ಲ ಚೆನ್ನಾಗಿ ತೋರಿಸಿತಾದರೂ, ಉಳಿಸಿದ ಕಡತಗಳಲ್ಲಿ ಅರ್ಧದಷ್ಟರ ಕೆಳಭಾಗವೆಲ್ಲ ಬೂದು ಬಣ್ಣಕ್ಕೆ ತಿರುಗಿತ್ತು. ಕಾರ್ಡು ಕೆಟ್ಟಿದೆಯೆಂದು ಮಿತ್ರರು ಕೈಬಿಡಲು ಹೇಳಿದರು. ನಿಜವಾದ ದೋಷವಿದ್ದದ್ದು ಓದುವ ನಡುವೆ ಕಡಿದುಹೋಗುತ್ತಿದ್ದ ಅಗ್ಗದ ಕಾರ್ಡ್ ರೀಡರಿನಲ್ಲಿ. ಏಳುನೂರು ರೂಪಾಯಿಯ ಹೊಸ ರೀಡರ್ ತಂದು, ಹೊಸದೇನೂ ಬರೆಯದಂತೆ ಕಾರ್ಡಿನ ಬೀಗದ ಗುಂಡಿಯನ್ನು ಹಾಕಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಪೂರ್ಣ ಇಮೇಜ್ (ಇಡೀ ಕಾರ್ಡಿನ ಯಥಾಪ್ರತಿ) ತೆಗೆದ ಮೇಲೆ ಮೂಲ ಕಾರ್ಡನ್ನು ಮುಟ್ಟಲೇ ಇಲ್ಲ. ಇಮೇಜಿನ ಮೇಲೆ ಅಳಿದ ಕಡತಗಳನ್ನು ಹುಡುಕುವ ಫೋಟೋರೆಕ್ ಓಡಿಸಿ, ಖಾಲಿಯೆಂದು ಗುರುತಾದ ಜಾಗವನ್ನಷ್ಟೇ ಹುಡುಕುವ ಆಯ್ಕೆಯನ್ನು ಕೊಟ್ಟೆನು.

ಸುಮಾರು ಒಂಬೈನೂರು ಚಿತ್ರಗಳು ಬಂದವು. ಹೊಸ ಚಿತ್ರಗಳು ಆರಂಭದ ಜಾಗವನ್ನೇ ತುಂಬಿದ್ದರಿಂದ ನಾಂದಿಯ ಕೆಲವು ಚಿತ್ರಗಳು ಶಾಶ್ವತವಾಗಿ ಹೋದವು, ಆದರೆ ಧಾರೆ ಮತ್ತು ಮಾಂಗಲ್ಯಧಾರಣೆ ಪೂರ್ತಿ ಉಳಿದಿದ್ದವು. ಹೆಸರುಗಳೆಲ್ಲ ಕಳೆದಿದ್ದರೂ ಚಿತ್ರದೊಳಗಿನ ವಿವರಗಳನ್ನು ಓದುವ ಎಕ್ಸಿಫ್‌ಟೂಲ್‌ನಿಂದ, ಚಿತ್ರ ಕ್ಲಿಕ್ಕಿಸಿದ ಸಮಯಕ್ಕೆ ಅನುಗುಣವಾಗಿ ಮರುಹೆಸರಿಸಿದಾಗ ಇಡೀ ಮದುವೆ ಕ್ರಮವಾಗಿ ಜೋಡಣೆಯಾಯಿತು. ತುಂಡಾಗಿ ಚದುರಿದ್ದ ಹತ್ತಾರು ಚಿತ್ರಗಳನ್ನು ಕೈಯಾರೆ ಬೆಸೆದ ವಿಧಾನವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ಫೋಟೋರೆಕ್ ಕೊಡುವ ಕಡತದ ಹೆಸರಿನಲ್ಲಿ ಸೆಕ್ಟರಿನ (ಕಾರ್ಡಿನಲ್ಲಿ ಅದು ಆರಂಭವಾಗುವ ಜಾಗದ) ಸಂಖ್ಯೆಯಿರುತ್ತದೆ ಎಂಬ ಸುಳಿವು ಸಾಕು.

ಇದರ ನಂತರ ಕುತೂಹಲ ತಡೆಯದೆ ಮುಂಬೈನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರಸ್ತೆಯಿಂದ ನೂರು, ನೂರೈವತ್ತು ರೂಪಾಯಿಗೆ ಹಳೆಯ ಕಾರ್ಡುಗಳನ್ನು ತಂದು ಪರೀಕ್ಷಿಸಿದೆನು. ಸಾಮಾನ್ಯ ಫಾರ್ಮ್ಯಾಟ್ ಮಾಡಿದವುಗಳಿಂದ ಬಹುತೇಕ ಎಲ್ಲವೂ ಮರಳಿದವು, ಆದರೆ ಕ್ಯಾನನ್ ಕ್ಯಾಮೆರಾದಲ್ಲಿ ಕಾರ್ಡನ್ನು ಪೂರ್ತಿ ಅಳಿಸುವ ಲೋ ಲೆವೆಲ್ ಆಯ್ಕೆಯನ್ನು ಬಳಸಿದವುಗಳಿಂದ ಒಂದೂ ಸಿಗಲಿಲ್ಲ. ಈಗಿನ ಫೋನುಗಳ ಒಳಸಂಗ್ರಹದಲ್ಲಿ ಮಾಹಿತಿ ಗೂಢಲಿಪಿಯಲ್ಲಿರುವುದರಿಂದ ಈ ದಾರಿ ಅಲ್ಲಿ ನಡೆಯುವುದೇ ಇಲ್ಲ.

ಅಂದು ಅಸಾಧ್ಯವೆಂದವರೇ ಇಂದು ತಮ್ಮ ಕಾರ್ಡುಗಳನ್ನು ನನ್ನಲ್ಲಿಗೆ ಕಳಿಸುತ್ತಾರೆ. ಎರಡು ಸಾವಿರ ತೆಗೆದುಕೊಳ್ಳುತ್ತೇನೆ, ಚಿತ್ರ ಬಾರದಿದ್ದರೆ ಏನನ್ನೂ ಕೇಳುವುದಿಲ್ಲ.