ಇಂಗ್ಲಿಷ್ ದಾರಿಯಲ್ಲಿ ಸವೆಯುವ ಹೆಸರುಗಳು: ಕರಡು ತಿದ್ದುವಾಗ ನಾನು ಮಾಡುವುದು

ಅನುವಾದದ ಕರಡು ತಿದ್ದುವವರಿಗೆ ಪರಭಾಷೆಯ ಹೆಸರುಗಳಷ್ಟು ಹೊತ್ತು ಹಿಡಿಸುವ ಕೆಲಸ ಇನ್ನೊಂದಿಲ್ಲ. ನಾನು ಇಟ್ಟುಕೊಂಡಿರುವ ಕ್ರಮದ ಬುಡದಲ್ಲಿರುವುದು ಒಂದೇ ಮಾತು: ಹೆಸರನ್ನು ಅದರ ಸ್ವಂತ ಭಾಷೆಯಿಂದ ತೆಗೆದುಕೊಳ್ಳಬೇಕು, ಇಂಗ್ಲಿಷ್ ಕಾಗುಣಿತದಿಂದಲ್ಲ. ಟ–ತ, ಡ–ದ, ಣ–ನ, ಳ–ಲ ಇವುಗಳ ವ್ಯತ್ಯಾಸವನ್ನು ಇಂಗ್ಲಿಷ್ ಬರಹ ತೋರಿಸುವುದಿಲ್ಲ. ಎ–ಏ, ಒ–ಓಗಳಲ್ಲಿ ಯಾವುದು ಹ್ರಸ್ವ, ಯಾವುದು ದೀರ್ಘ ಎಂಬುದೂ ಅದರಿಂದ ತಿಳಿಯದು. ಇವೆಲ್ಲ ಕನ್ನಡದಲ್ಲಿವೆ, ಬಹಳ ಸಲ ಮೂಲದಲ್ಲಿಯೂ ಇರುತ್ತವೆ. ಕಳೆದುಹೋಗುವುದು ನಡುವೆ.

ಲೋಕಸಭೆಯ ಮೊದಲ ಅಧ್ಯಕ್ಷರ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದು ‘ಮಾವಲಂಕರ್’ ಎಂದು ಅಚ್ಚಾಗಿರುವುದನ್ನು ಎಷ್ಟೋ ಕಡೆ ನೋಡಬಹುದು. ಮರಾಠಿಯಲ್ಲಿ ಅವರು ಗಣೇಶ ವಾಸುದೇವ ಮಾವಳಣಕರ. ಇಂಗ್ಲಿಷಿನ ಎಲ್ ಅಕ್ಷರವನ್ನು ನೋಡಿ ಬರೆದದ್ದರಿಂದ ಳ ಹೋಗಿ ಲ ಬಂತು. ಎನ್ ಮತ್ತು ಕೆ ಅಕ್ಕಪಕ್ಕ ನಿಂತದ್ದರಿಂದ ಣಕಾರವೇ ಕರಗಿ ಸೊನ್ನೆಯಾಯಿತು. ಎರಡೂ ಅಕ್ಷರಗಳು ನಮ್ಮ ವರ್ಣಮಾಲೆಯಲ್ಲಿವೆ, ಬರೆಯಲು ಯಾವ ತೊಡಕೂ ಇರಲಿಲ್ಲ. 1963ರಲ್ಲಿ ಭಾರತರತ್ನ ಪಡೆದ ಪಾಂಡುರಂಗ ವಾಮನ ಕಾಣೆ ಅವರು ‘ಕಾನೆ’ ಆಗುವುದೂ ಇದೇ ಕಾರಣಕ್ಕೆ.

ಕರಡು ಕೈಗೆ ಬಂದ ಕೂಡಲೇ ಓದಲು ಕೂರುವುದಿಲ್ಲ. ಮೊದಲು ಹೆಸರುಗಳನ್ನೆಲ್ಲ ಹೆಕ್ಕಿ ಒಂದು ಕೋಷ್ಟಕಕ್ಕೆ ಹಾಕುತ್ತೇನೆ. ಅದರಲ್ಲಿ ಆರು ಅಂಕಣಗಳು: ಮೂಲ ಲಿಪಿಯ ರೂಪ, ಎಲ್ಲ ಚಿಹ್ನೆಗಳ ಸಮೇತ ರೋಮನ್ ರೂಪ, ಕನ್ನಡ ರೂಪ, ಎರಡನೆಯ ಸಲ ಬಂದಾಗ ಬಳಸಬೇಕಾದ ಭಾಗ, ಎಲ್ಲಿಂದ ಖಚಿತಪಡಿಸಿಕೊಂಡದ್ದು, ಬೇಡದ ರೂಪಗಳು. ಕೊನೆಯ ಅಂಕಣವನ್ನು ಹಲವರು ಬಿಡುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಪುಟವಿನ್ಯಾಸ ಮುಗಿದ ಮೇಲೆ ಅಲ್ಲಿರುವ ಒಂದೊಂದು ತಪ್ಪು ರೂಪವನ್ನೂ ಕಡತದಲ್ಲಿ ಹುಡುಕಿದರೆ ಅನುವಾದಕರು ಅಲ್ಲಲ್ಲಿ ಬೇರೆ ಬೇರೆ ರೀತಿ ಬರೆದದ್ದೆಲ್ಲ ಸಿಕ್ಕಿಬೀಳುತ್ತದೆ.

ಖಚಿತಪಡಿಸಿಕೊಳ್ಳಲು ಮೊದಲು ನೋಡುವುದು ಮೂಲಭಾಷೆಯಲ್ಲಿ ಆ ವ್ಯಕ್ತಿಯದೇ ಪುಸ್ತಕದ ಒಳಪುಟ ಅಥವಾ ಸ್ವಂತ ಜಾಲತಾಣ. ಆಮೇಲೆ ಆ ಭಾಷೆಯ ವಿಕಿಪೀಡಿಯ. ಇಂಗ್ಲಿಷ್ ವಿಕಿಪೀಡಿಯದ ಪುಟ ತೆರೆದು ಭಾಷೆಗಳ ಪಟ್ಟಿಯಿಂದ ಮೂಲಭಾಷೆಗೆ ದಾಟಿದರೆ ಮೊದಲ ಸಾಲಿನಲ್ಲೇ ಪೂರ್ಣ ಹೆಸರು ಸಿಗುತ್ತದೆ, ಅನೇಕ ಸಲ ಧ್ವನಿಮುದ್ರಿಕೆಯೂ ಇರುತ್ತದೆ. ಉಚ್ಚಾರಣೆಗಾಗಿ ವಿಡಿಯೊ ನೋಡುವುದಾದರೆ ಅವರು ತಮ್ಮ ಹೆಸರನ್ನು ತಾವೇ ಹೇಳುವ ಜಾಗವನ್ನು ಹುಡುಕಬೇಕು. ಸಂದರ್ಶಕರ ಬಾಯಲ್ಲಿ ಬಂದದ್ದು ಸಾಕ್ಷಿಯಲ್ಲ.

ಭಾರತೀಯ ಭಾಷೆಗಳಲ್ಲಿ ಮೂಲ ಲಿಪಿ ನೋಡಿದರೆ ಅರ್ಧ ಕೆಲಸ ಮುಗಿದಂತೆ. ತೆಲುಗು, ಮಲಯಾಳಂ ಹೆಸರುಗಳನ್ನು ಬಹುಮಟ್ಟಿಗೆ ಅಕ್ಷರಕ್ಕೆ ಅಕ್ಷರ ಇಳಿಸಬಹುದು. ಹ್ರಸ್ವ ದೀರ್ಘವೂ ಅಲ್ಲೇ ಇರುತ್ತದೆ. ದೇವನಾಗರಿಯಲ್ಲಿ ಮಾತ್ರ ಒಂದೆರಡು ಎಚ್ಚರ ಬೇಕು. ಅಲ್ಲಿ ‘ಕರ’ ಎಂದು ಬರೆದು ‘ಕರ್’ ಎಂದು ಓದುತ್ತಾರೆ. ಕನ್ನಡದ ಓದುಗರು ಬರೆದದ್ದನ್ನು ಬರೆದಂತೆಯೇ ಓದುವುದರಿಂದ ಉಚ್ಚಾರಣೆ ಕೇಳಿಕೊಂಡು ಅರ್ಧಾಕ್ಷರ ಹಾಕಬೇಕು: ಮಾವಳಣ್‌ಕರ್. ಇನ್ನೊಂದು, ಹಿಂದಿಯಲ್ಲಿ ಕೆಳಗೆ ಚುಕ್ಕಿಯಿರುವ ಡ, ಢ. ಇಂಗ್ಲಿಷ್ ಇವುಗಳಿಗೆ ಆರ್ ಬರೆಯುತ್ತದೆ. ಚಂಡೀಗಢ, ಛತ್ತೀಸ್‌ಗಢ ಎಂದು ನಾವು ಸರಿಯಾಗಿಯೇ ಬರೆಯುತ್ತೇವೆ. ಆದರೆ ಅದೇ ಚುಕ್ಕಿಯಿರುವ ಖಡಗ್‌ಪುರ ಮಾತ್ರ ‘ಖರಗ್‌ಪುರ’ವಾಗಿ ಅಚ್ಚಾಗುತ್ತದೆ.

ತಮಿಳಿನಲ್ಲಿ ಮೂಲ ಲಿಪಿಯೊಂದೇ ಸಾಲದು. ಅಲ್ಲಿ ಪ–ಬ ಎರಡಕ್ಕೂ ಒಂದೇ ಅಕ್ಷರ, ತ–ದಗಳಿಗೂ ಒಂದೇ. ಭಾರತಿ ಎಂಬ ಹೆಸರನ್ನು ಅಕ್ಷರ ನೋಡಿ ಇಳಿಸಿದರೆ ‘ಪಾರತಿ’ ಆಗುತ್ತದೆ. ಆದ್ದರಿಂದ ತಮಿಳು ಹೆಸರಿಗೆ ಲಿಪಿ ನೋಡುವುದೂ ಕೇಳುವುದೂ ಎರಡೂ ಬೇಕು. ಲಿಪಿಯಿಂದ ಸಿಗುವುದು ಸ್ವರದ ಅಳತೆ ಮತ್ತು ಲ, ಳ, ೞ ಯಾವುದು ಎಂಬ ಸುಳಿವು. ಕನಿಮೊಳಿ ಎಂಬಲ್ಲಿ ‘ಮೊ’ ಹ್ರಸ್ವ. ಪತ್ರಿಕೆಗಳ ‘ಕನಿಮೋಳಿ’ಯಲ್ಲಿರುವ ದೀರ್ಘ ನಮ್ಮ ಊಹೆ ಅಷ್ಟೇ. ಅದರ ಕೊನೆಯ ಅಕ್ಷರ ಹಳಗನ್ನಡದಲ್ಲಿದ್ದ ೞ. ಇಂಗ್ಲಿಷಿನಲ್ಲಿ ಜೆಡ್ ಎಚ್ ಎಂದು ಬರೆಯುವುದನ್ನು ನೋಡಿ ಝ ಹಾಕುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ಇವತ್ತಿನ ಓದುಗರಿಗೆ ಳ ಸಾಕು. ಇಂಗ್ಲಿಷಿನ ಟಿ ಎಚ್ ಕೂಡ ಹಾಗೆಯೇ: ದಕ್ಷಿಣದ ಹೆಸರುಗಳಲ್ಲಿ ಅದು ಸಾಮಾನ್ಯವಾಗಿ ತ, ಉತ್ತರದವುಗಳಲ್ಲಿ ಥ.

ರೋಮನ್ ಲಿಪಿ ಬಳಸುವ ಭಾಷೆಗಳಿಗೆ ಬಂದಾಗ ಮೋಸ ಹೋಗುವುದು ಸುಲಭ, ಯಾಕೆಂದರೆ ಅಕ್ಷರಗಳೆಲ್ಲ ಪರಿಚಿತ. ಪ್ರತಿ ಭಾಷೆಗೂ ಅರ್ಧ ಪುಟದ ಓದುವ ಪಟ್ಟಿ ಮಾಡಿಟ್ಟುಕೊಂಡಿದ್ದೇನೆ. ಜೆ ಒಂದನ್ನೇ ನೋಡಿ. ಸ್ಪ್ಯಾನಿಷ್‌ನಲ್ಲಿ ಅದು ಹ. ಇ ಅಥವಾ ಐ ಎಂಬ ರೋಮನ್ ಅಕ್ಷರಕ್ಕೆ ಮೊದಲು ಬಂದ ಜಿ ಕೂಡ ಹ: ಹೊರ್ಹೆ ಲೂಯಿಸ್ ಬೊರ್ಹೆಸ್. ಜರ್ಮನ್, ಡಚ್, ಪೋಲಿಷ್ ಭಾಷೆಗಳಲ್ಲಿ ಯ: ಕಾರ್ಲ್ ಯುಂಗ್. ಫ್ರೆಂಚ್, ಪೋರ್ಚುಗೀಸ್‌ಗಳ ಜೆ ನಮ್ಮಲ್ಲಿ ಅಕ್ಷರವಿಲ್ಲದ ಧ್ವನಿ, ಜ ಬರೆದು ಮುಂದಕ್ಕೆ ಹೋಗುತ್ತೇನೆ. ಹೀಗಾಗಿ ಒಂದೇ ಕಾಗುಣಿತದ ಹೆಸರು ಸ್ಪೇನಿನವರದಾದರೆ ಹೊಸೆ, ಪೋರ್ಚುಗಲ್‌ನವರದಾದರೆ ಜುಜೆ. 1998ರ ನೊಬೆಲ್ ಪಡೆದ ಸರಮಾಗು ಅವರನ್ನು ‘ಹೊಸೆ’ ಎಂದು ಕರೆದರೆ ಅವರನ್ನು ಗಡಿ ದಾಟಿಸಿದಂತೆ.

ಚಿಹ್ನೆಗಳು ಅಲಂಕಾರವಲ್ಲ, ಅವು ಬೇರೆಯೇ ಅಕ್ಷರಗಳು. ಪೋಲೆಂಡಿನ ಲೆಖ್ ವವೆನ್ಸಾ ಅವರ ಹೆಸರಿನಲ್ಲಿ ಎಲ್ ಅಕ್ಷರವನ್ನು ಅಡ್ಡಗೆರೆ ಸೀಳಿದೆ. ಅದರ ಧ್ವನಿ ಲ ಅಲ್ಲ, ತುಟಿ ದುಂಡಗೆ ಮಾಡಿ ಹೇಳುವ ವ. ಮುಂದಿನ ಇ ಅಕ್ಷರಕ್ಕೆ ಕೆಳಗೊಂದು ಕೊಕ್ಕೆ ಇದೆ, ಅದರಿಂದ ಅನುನಾಸಿಕ ಬರುತ್ತದೆ. ಇಂಗ್ಲಿಷ್ ಪತ್ರಿಕೆ ಗೆರೆಯನ್ನೂ ಕೊಕ್ಕೆಯನ್ನೂ ಕಿತ್ತುಹಾಕಿದ ಮೇಲೆ ನಮಗೆ ಉಳಿಯುವುದು ‘ವಲೇಸಾ’. ಟರ್ಕಿಯ ಅಧ್ಯಕ್ಷರ ಹೆಸರಿನ ಜಿ ಮೇಲೆ ಬಟ್ಟಲಿನಂಥ ಗುರುತಿದೆ. ಆ ಅಕ್ಷರಕ್ಕೆ ಸ್ವಂತ ಧ್ವನಿಯೇ ಇಲ್ಲ, ಹಿಂದಿನ ಸ್ವರವನ್ನು ಎಳೆಯುತ್ತದೆ. ಅದು ಎರ್ದೋಆನ್, ‘ಎರ್ಡೋಗನ್’ ಅಲ್ಲ. ಅವರ ಮೊದಲ ಹೆಸರು ರೆಜೆಪ್, ಯಾಕೆಂದರೆ ಟರ್ಕಿ ಭಾಷೆಯಲ್ಲಿ ಸಿ ಎಂದರೆ ಜ.

ಫ್ರೆಂಚ್‌ನಲ್ಲಿ ಕೊನೆಯ ವ್ಯಂಜನ ಸಾಮಾನ್ಯವಾಗಿ ಮೌನ: ಕಮ್ಯೂ, ದೆಕಾರ್ತ್. ಆದರೆ ಹೆಸರುಗಳಲ್ಲಿ ಈ ನಿಯಮ ನಂಬಿ ಕೂರುವಂತಿಲ್ಲ. ಸಂಗೀತಗಾರ ಬೆರ್ಲಿಯೋಜ್ ಅವರ ಕೊನೆಯ ಅಕ್ಷರ ಕೇಳಿಸುತ್ತದೆ, ಸಾಂ-ಸಾಂಸ್ ಅವರದೂ ಹಾಗೆಯೇ.

ತ–ದಗಳ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಸಿರಿವಂತ. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್, ರಷ್ಯನ್ ಭಾಷೆಗಳ ಟಿ, ಡಿಗಳು ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು, ಅಂದರೆ ನಮ್ಮ ತ, ದ. ದಾಂತೆ, ದಾಸ್ತೊಯೆವ್‌ಸ್ಕಿ ಎಂದು ಬರೆಯುವ ರೂಢಿ ಚೆನ್ನಾಗಿದೆ. ಟಾಲ್‌ಸ್ಟಾಯ್ ಮಾತ್ರ ಇಂಗ್ಲಿಷ್ ಟಕಾರದಲ್ಲೇ ನೆಲೆಯೂರಿಬಿಟ್ಟಿದ್ದಾರೆ. ಇಂಗ್ಲಿಷ್, ಜರ್ಮನ್ ಹೆಸರುಗಳಿಗೆ ಟ, ಡ ಇರಲಿ. ರಷ್ಯನ್‌ನಲ್ಲಿ ಇನ್ನೊಂದು ಬಲೆ ಇದೆ. ಮೇಲೆ ಎರಡು ಚುಕ್ಕಿಯಿರುವ ‘ಯೋ’ ಅಕ್ಷರವನ್ನು ಅಚ್ಚಿನಲ್ಲಿ ಅವರೇ ಚುಕ್ಕಿಯಿಲ್ಲದೆ ಬಿಡುತ್ತಾರೆ. ಗೊರ್ಬಚ್ಯೋವ್ ‘ಗೊರ್ಬಚೆವ್’ ಆದದ್ದು ಹಾಗೆ.

ಚೀನಾದ ಹೆಸರುಗಳಿಗೆ ಚೀನೀ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು 1958ರಲ್ಲಿ ಜಾರಿಗೆ ಬಂದ ಪಿನ್‌ಯಿನ್ ಪಟ್ಟಿ ಇದೆ: ಎಕ್ಸ್ ಎಂದರೆ ಶ, ಕ್ಯೂ ಎಂದರೆ ಛ, ಸಿ ಎಂದರೆ ತ್ಸ, ಜೆಡ್ ಎಚ್ ಎಂದರೆ ಜ. ಆದ್ದರಿಂದ ಶೀ ಜಿನ್‌ಪಿಂಗ್, ಜೋ ಎನ್‌ಲಾಯ್. ಸಿಂಗಪುರ, ತೈವಾನ್, ಹಾಂಗ್‌ಕಾಂಗ್‌ನವರಿಗೆ ಈ ಪಟ್ಟಿ ಹಚ್ಚಬಾರದು. ಲೀ ಕ್ವಾನ್ ಯೂ ತಮ್ಮ ಹೆಸರನ್ನು ಹೇಗೆ ಇಟ್ಟುಕೊಂಡಿದ್ದರೋ ಹಾಗೆಯೇ ಬರೆಯಬೇಕು.

ಕಾಗುಣಿತ ಸರಿಯಾಗಿದ್ದೂ ಹೆಸರು ಕೆಡುವುದು ಅದನ್ನು ತುಂಡು ಮಾಡುವಾಗ. ಸ್ಪ್ಯಾನಿಷ್‌ನಲ್ಲಿ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಹೀಗೆ ಎರಡು ಕುಲನಾಮ. ‘ಗಾರ್ಸಿಯಾ ಮಾರ್ಕೆಸ್’ ಎಂಬುದನ್ನು ಬರೀ ‘ಮಾರ್ಕೆಸ್’ ಮಾಡಿದರೆ ತಂದೆಯ ಹೆಸರೇ ಹೋಯಿತು. ಐಸ್‌ಲ್ಯಾಂಡಿನಲ್ಲಿ ಕೊನೆಯ ಭಾಗ ‘ಇಂಥವರ ಮಗ, ಮಗಳು’ ಎನ್ನುವುದಷ್ಟೇ. 1980ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ವಿಗ್ದೀಸ್ ಅವರು ಎರಡನೆಯ ಸಲವೂ ವಿಗ್ದೀಸ್, ಪದಸೂಚಿಯಲ್ಲೂ ವ ಅಕ್ಷರದಡಿ. ಇಥಿಯೋಪಿಯಾದ ಅಬಿಯ್ ಅಹ್ಮದ್ ಅವರನ್ನು ‘ಅಹ್ಮದ್’ ಎಂದರೆ ಅವರ ತಂದೆಯನ್ನು ಕರೆದಂತಾಗುತ್ತದೆ. ಇನಿಶಿಯಲ್ ಇಟ್ಟುಕೊಳ್ಳುವ ನಮಗೆ ಇದು ಬೇಗ ಅರ್ಥವಾಗಬೇಕು. ವಿಯೆಟ್ನಾಮಿನಲ್ಲಿ ಕುಲನಾಮ ಮೊದಲು ಬಂದರೂ ಕರೆಯುವುದು ಕೊನೆಯ ಹೆಸರಿನಿಂದ. ಹಂಗೇರಿ, ಕೊರಿಯಾ, ಚೀನಾಗಳಲ್ಲಿ ಕುಲನಾಮವೇ ಮೊದಲು. ಜಪಾನ್ ಸರ್ಕಾರ 2020ರ ಜನವರಿ 1ರಿಂದ ತನ್ನ ರೋಮನ್ ಬರಹಗಳಲ್ಲೂ ಕುಲನಾಮ ಮೊದಲಿಡುತ್ತಿದೆ. ಅದಕ್ಕಿಂತ ಹಳೆಯ ಆಕರಗಳಲ್ಲಿ ತಿರುಗುಮುರುಗಾಗಿ ಇರಬಹುದು ಎಂದುಕೊಂಡೇ ನೋಡುತ್ತೇನೆ. ಆಂಗ್ ಸಾನ್ ಸೂ ಚಿ ಅವರಿಗೆ ಕುಲನಾಮವೇ ಇಲ್ಲ, ಇಡೀ ಹೆಸರು ಬರೆಯಬೇಕು.

ಇನ್ನು ಕಂಪ್ಯೂಟರಿನ ಕಾಟ. ಅರ್ಧಾಕ್ಷರದ ಮುಂದೆ ಒತ್ತಕ್ಷರ ಆಗದಂತೆ ತಡೆಯಲು ಶೂನ್ಯ ಅಗಲದ ಚಿಹ್ನೆಯೊಂದನ್ನು ಹಾಕುತ್ತೇವೆ, ಯುನಿಕೋಡ್ ಸಂಖ್ಯೆ 200ಸಿ. ಅದು ಇದ್ದರೆ ಜಿನ್‌ಪಿಂಗ್, ಬಿದ್ದುಹೋದರೆ ಜಿನ್ಪಿಂಗ್. ಕಣ್ಣಿಗೆ ಕಾಣದ ಈ ಚಿಹ್ನೆಯನ್ನು ಕೆಲವು ಜಾಲತಾಣದ ಅರ್ಜಿಗಳು, ಫಾಂಟ್ ಪರಿವರ್ತಕಗಳು ನುಂಗಿಬಿಡುತ್ತವೆ. ಹುಡುಕುವಾಗ ಎರಡೂ ರೂಪ ಕೊಟ್ಟು ಹುಡುಕದಿದ್ದರೆ ಅರ್ಧ ಸಿಕ್ಕುವುದೇ ಇಲ್ಲ. ರೋಮನ್ ಅಂಕಣದಲ್ಲೂ ಇದೇ ಕಥೆ. ಮೇಲೆ ಗೆರೆಯಿರುವ ಇ ಅಕ್ಷರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಅಕ್ಷರ ಮತ್ತು ಗೆರೆ ಎಂದು ಎರಡಾಗಿಯೂ ಬರೆಯಬಹುದು. ನೋಡಲು ಒಂದೇ, ಹುಡುಕಿದರೆ ಬೇರೆ. ಪಿಡಿಎಫ್‌ನಿಂದ ನಕಲಿಸಿದ್ದು ಎರಡನೆಯ ಬಗೆಯದಾಗಿ ಬರುವುದುಂಟು. ಕೋಷ್ಟಕವನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಅಕ್ಷರ ಮತ್ತು ಗೆರೆ ಸೇರಿ ಒಂದೇ ಸಂಕೇತವಾಗುವ ಬಗೆಗೆ, ತಂದು ಇಟ್ಟುಕೊಳ್ಳುವುದು ಇದಕ್ಕೆ ಮದ್ದು. ಇಂಗ್ಲಿಷಿನ ಎಫ್, ಜೆಡ್ ಧ್ವನಿ ತೋರಿಸಲು ಫ ಮತ್ತು ಜ ಅಕ್ಷರಗಳ ಕೆಳಗೆ ಎರಡು ಚುಕ್ಕಿ ಇಡಬೇಕೇ ಎಂದು ಕೇಳುವವರಿದ್ದಾರೆ. ನಿಘಂಟಿಗೆ ಸರಿ, ಕಾದಂಬರಿಗೆ ಬೇಡ. ಕೆಲವು ಫಾಂಟ್‌ಗಳಲ್ಲಿ ಆ ಚುಕ್ಕಿಗಳು ಒತ್ತಕ್ಷರದ ಮೇಲೆ ಹತ್ತಿ ಕೂರುತ್ತವೆ.

ರೂಢಿಯಾದ ಹೆಸರುಗಳನ್ನು ಕೆದಕುವುದಿಲ್ಲ. ಮರಾಠಿಯಲ್ಲಿ ಟಿಳಕ ಎಂದಿದ್ದರೂ ಲೋಕಮಾನ್ಯರನ್ನು ತಿಲಕ್ ಎಂದೇ ಬಿಡುತ್ತೇನೆ. ಐನ್‌ಸ್ಟೈನ್ ಅವರನ್ನು ಜರ್ಮನ್ ಬಾಯಲ್ಲಿ ಐನ್‌ಶ್ಟೈನ್ ಮಾಡಿದರೆ ಓದುಗರು ಇನ್ಯಾರೋ ಎಂದುಕೊಂಡಾರು. ನನ್ನ ಅಳತೆಗೋಲು ಇಷ್ಟು: ಶಾಲೆಯ ಪಠ್ಯದಲ್ಲಿ ಒಂದು ರೂಪ ನೆಲೆಗೊಂಡಿದ್ದರೆ ಅದು ಇರಲಿ. ಇಲ್ಲವಾದರೆ ಮೂಲದ ಉಚ್ಚಾರಣೆ, ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ ಪರಿಚಿತ ರೂಪ.

ಬದುಕಿರುವವರಾದರೆ ಇಷ್ಟೆಲ್ಲ ಊಹೆಯೇ ಬೇಡ, ಕೇಳಿದರಾಯಿತು. ಪ್ರಕಾಶಕರ ಮೂಲಕ ಒಂದು ಮಿಂಚಂಚೆ, ಅದರಲ್ಲಿ ಮೂರೇ ಪ್ರಶ್ನೆ: ಹೆಸರನ್ನು ಒಮ್ಮೆ ಹೇಳಿ ಧ್ವನಿ ಮುದ್ರಿಸಿ ಕಳುಹಿಸುವಿರಾ, ಎರಡನೆಯ ಸಲ ಯಾವ ಭಾಗ ಬಳಸಲಿ, ರೋಮನ್‌ನಲ್ಲಿ ಚಿಹ್ನೆಗಳು ಇರಬೇಕೇ. ನಿಯಮಕ್ಕೆ ವಿರುದ್ಧವಾದ ಉತ್ತರ ಬಂದರೂ ಕೋಷ್ಟಕಕ್ಕೆ ಹೋಗುವುದು ಅದೇ. ಪಕ್ಕದ ಆಕರದ ಅಂಕಣದಲ್ಲಿ ‘ಸ್ವತಃ ಹೇಳಿದ್ದು’ ಎಂದು ದಿನಾಂಕದ ಸಮೇತ ಬರೆದಿಡುತ್ತೇನೆ, ಇಲ್ಲದಿದ್ದರೆ ಮರುಮುದ್ರಣದ ಹೊತ್ತಿಗೆ ಬೇರೆ ಯಾರಾದರೂ ಅದನ್ನು ‘ಸರಿಪಡಿಸಿ’ಬಿಡುತ್ತಾರೆ.