ಹದಿನಾಲ್ಕು ಸೆಲ್, ನಾನೂರು ವ್ಯಾಟ್: ಬ್ಯಾಟರಿಯಲ್ಲಿ ಲೀನಿಯರ್ ಓಡಿಸಿದ ನನ್ನ ಅನುಭವ

ರೇಡಿಯೋ ಸಿಗ್ನಲ್ಲಿನ ಬಲ ಹೆಚ್ಚಿಸುವ ಲೀನಿಯರ್ ಆಂಪ್ಲಿಫಯರನ್ನು ಬ್ಯಾಟರಿಯಲ್ಲಿ ಓಡಿಸುತ್ತೇನೆ ಎಂದಾಗ ನಮ್ಮ ಕಡೆಯ ಹವ್ಯಾಸಿ ರೇಡಿಯೋ ಬಳಗದ ಹ್ಯಾಮ್‌ಗಳಲ್ಲಿ ನಗದೆ ಬಿಟ್ಟವರು ಕಡಿಮೆ. ಲಾರಿ ಬ್ಯಾಟರಿ ಹೊರುವುದಕ್ಕೆ ಆಳು ಇಟ್ಟುಕೊಳ್ಳಿ ಎಂದರು ಒಬ್ಬ ಹಿರಿಯ ಹ್ಯಾಮ್. ಹತ್ತು ನಿಮಿಷದಲ್ಲಿ ನಿಮ್ಮ ಸಿಗ್ನಲ್ ಮಲಗುತ್ತದೆ ಎಂದು ಇನ್ನೊಬ್ಬರು ಬ್ಯಾಂಡಿನಲ್ಲೇ, ಎಲ್ಲರಿಗೂ ಕೇಳುವಂತೆ, ಭವಿಷ್ಯ ನುಡಿದರು. ಕಳೆದ ಮಳೆಗಾಲವಿಡೀ 40 ಮತ್ತು 20 ಮೀಟರ್ ತರಂಗಾಂತರದ ಬ್ಯಾಂಡ್‌ಗಳಲ್ಲಿ ಅದೇ ಬ್ಯಾಟರಿಯಿಂದ 400 ವ್ಯಾಟ್ ಪಿಇಪಿ (ಮಾತಿನ ಶಿಖರದ ಶಕ್ತಿ) ಹೊರಡಿಸಿದ್ದೇನೆ. ಭವಿಷ್ಯ ನುಡಿದವರೇ ಈಗ ಸೆಲ್‌ಗಳ ಬೆಲೆ ವಿಚಾರಿಸುತ್ತಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಬ್ಯಾಟರಿಯ ಯೋಚನೆ ಬಂದಿದ್ದು ಹಟಕ್ಕಲ್ಲ, ಲೈನಿನ ಕಾಟಕ್ಕೆ. ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ, ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಸಿಂಗಲ್ ಫೇಸ್ ಲೈನಿನ ಕಟ್ಟಕಡೆಯ ಕಂಬ. ಸಂಜೆ ಪಂಪ್‌ಸೆಟ್‌ಗಳು ಶುರುವಾದರೆ 230 ಇರಬೇಕಾದ ವೋಲ್ಟೇಜ್ 170ರ ಆಸುಪಾಸಿಗೆ ಇಳಿಯುತ್ತದೆ. ಮೊದಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಟೆಲಿಕಾಂ ಟವರ್‌ನಿಂದ ಬಿಚ್ಚಿದ 48 ವೋಲ್ಟ್ ರೆಕ್ಟಿಫಯರ್ (ಎಸಿಯನ್ನು ಡಿಸಿ ಮಾಡುವ ಸಾಧನ) ತಂದೆ, ನಾಲ್ಕು ಸಾವಿರದಷ್ಟು ಕೊಟ್ಟ ನೆನಪು. ಬೆಳಿಗ್ಗೆ ಚಿನ್ನದಂತಹ ಸಾಧನ. ಸಂಜೆ ಒಳಬರುವ ವೋಲ್ಟೇಜ್ ಸಾಲದೆ, ಗಟ್ಟಿಯಾಗಿ ಮಾತನಾಡಿದೊಡನೆ ಬಾಯಿ ಮುಚ್ಚುತ್ತಿತ್ತು. ಅದರ ಮುಂದೆ 5 ಕೆವಿಎ ಸ್ಟೆಬಿಲೈಸರ್ ಇಟ್ಟೆ. ನಾನು ಆಡುವ ಒಂದೊಂದು ಅಕ್ಷರಕ್ಕೂ ಅದರ ರಿಲೇ ಟಕ್ ಟಕ್ ಎಂದು ತಾಳ ಹಾಕತೊಡಗಿತು. ಮೈಕಿನಲ್ಲಿ ಆ ಸದ್ದೂ ಹೋಗುತ್ತಿತ್ತು, ಹಜಾರದ ದೀಪವೂ ಕುಣಿಯುತ್ತಿತ್ತು. ಸ್ಟೆಬಿಲೈಸರ್ ಈಗ ಅಡುಗೆಮನೆಯ ಫ್ರಿಜ್‌ಗೆ ದುಡಿಯುತ್ತಿದೆ.

ನಾವು ಮಾತು ಕಳಿಸುವ ಎಸ್‌ಎಸ್‌ಬಿ ವಿಧಾನದಲ್ಲಿ, ಮಾತು ಜೋರಾದ ಕ್ಷಣದ ಶಿಖರಕ್ಕೆ ಬೇಕಾಗುವ ಕರೆಂಟು ಸರಾಸರಿಗಿಂತ ಬಹಳ ಹೆಚ್ಚು. ನನ್ನ ಲೈನಿಗೆ ಶಿಖರ ಕೊಡುವ ತಾಕತ್ತಿಲ್ಲ, ಸರಾಸರಿ ಕೊಡಲು ತೊಂದರೆಯಿಲ್ಲ. ತೋಟದ ಟ್ಯಾಂಕಿಗೆ ದಿನವಿಡೀ ಸಣ್ಣ ಪೈಪಿನಲ್ಲಿ ನೀರು ತುಂಬಿ, ಸಂಜೆ ಒಮ್ಮೆಗೇ ದೊಡ್ಡ ಪೈಪಿನಲ್ಲಿ ಬಿಡುತ್ತೇವಲ್ಲ, ಅಷ್ಟೇ ಲೆಕ್ಕ.

12 ವೋಲ್ಟಿನಲ್ಲಿ 400 ವ್ಯಾಟ್ ತೆಗೆಯಲು ಹೋದರೆ 50-60 ಆಂಪಿಯರ್ ಬೇಕು. ಆಗ ಕೇಬಲ್, ಫ್ಯೂಸ್ ಹೋಲ್ಡರ್, ಲಗ್ ಎಲ್ಲವೂ ಹೀಟರ್ ಆಗುತ್ತವೆ. 100 ವ್ಯಾಟಿನ ರಿಗ್‌ಗೇ, ಎಂದರೆ ಮಾತು ಕಳಿಸಿ ಕೇಳುವ ರೇಡಿಯೋ ಸೆಟ್ಟಿಗೇ, ಈ ಕಷ್ಟವಿದೆ. ಐಕಾಮ್ 7300 ಎಂಬ ರಿಗ್ ಪೂರ್ಣ ಶಕ್ತಿಯಲ್ಲಿ 21 ಆಂಪಿಯರ್ ಕೇಳುತ್ತದೆ. ನಾಲ್ಕು ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ವೈರ್ ಎಳೆದರೆ, ಹೋಗಿಬರುವ ದಾರಿಯಲ್ಲಿ ಒಂದೂಕಾಲು ವೋಲ್ಟ್ ಮಾಯ. ಹಳೆಯ ಲೆಡ್ ಆಸಿಡ್ ಬ್ಯಾಟರಿ ಲೋಡಿನಲ್ಲಿ 12ಕ್ಕೆ ಇಳಿದಿದ್ದರೆ ರಿಗ್‌ಗೆ ಸಿಗುವುದು 10.8. ಅದರ ಕನಿಷ್ಠ ಮಿತಿ 11.7. ಪವರ್ ಕಡಿಮೆಯಾಗುವುದಿರಲಿ, ಸಿಗ್ನಲ್ ಒಡೆದು ಅಕ್ಕಪಕ್ಕದ ಸ್ಟೇಷನ್‌ಗಳ ಮೇಲೆ ಚೆಲ್ಲುತ್ತದೆ.

ವೋಲ್ಟೇಜ್ ಹೆಚ್ಚಿದರೆ ಕರೆಂಟು ಕಡಿಮೆ ಸಾಕು, ಆದ್ದರಿಂದ ಆಂಪ್ಲಿಫಯರ್‌ಗೆ 50 ವೋಲ್ಟಿನ ಎಲ್‌ಡಿಮಾಸ್ ಟ್ರಾನ್ಸಿಸ್ಟರ್ ಹಿಡಿದೆ. ಎಂಆರ್‌ಎಫ್300 ಎಎನ್ ಒಂದು, ಬಿಎನ್ ಒಂದು. ಎರಡರ ಕಾಲುಗಳು ಕನ್ನಡಿಯ ಪ್ರತಿಬಿಂಬದಂತೆ ಇರುವುದರಿಂದ ಎರಡೂ ಸರದಿಯಲ್ಲಿ ದುಡಿಯುವ ಪುಶ್‌ಪುಲ್ ಬೋರ್ಡ್ ಅಚ್ಚುಕಟ್ಟಾಗಿ ಕೂರುತ್ತದೆ. ಜೋಡಿಗೆ ಸುಂಕವೆಲ್ಲ ಸೇರಿ ಏಳು-ಎಂಟು ಸಾವಿರ. ಒಂದೊಂದೂ 300 ವ್ಯಾಟಿನದು. ನಮ್ಮ ಜನರಲ್ ಗ್ರೇಡ್ ಪರವಾನಗಿಯ ಮಿತಿ 400, ಹಾಗಾಗಿ ಅವು ಬೆವರುವ ಪ್ರಸಂಗವಿಲ್ಲ.

ಎಲ್ಲರೂ 48 ವೋಲ್ಟ್ ಎಂದರೆ ಹದಿನಾರು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಎನ್ನುತ್ತಾರೆ. ನಾನೂ ಹದಿನಾರು ಸೆಲ್ ತಂದೆ, 50 ಆಂಪಿಯರ್ ಅವರ್‌ನವು, ಒಂದಕ್ಕೆ ಎರಡೂವರೆ ಸಾವಿರದ ಹತ್ತಿರ. ಲೋಡಿನಲ್ಲಿ 52 ವೋಲ್ಟ್ ನಿಂತಿತು. ಆಂಟೆನಾ ಬದಲಿಗೆ ಡಮ್ಮಿ ಲೋಡ್ ಕಟ್ಟಿ, ಪೂರ್ತಿ ಡ್ರೈವ್ (ರಿಗ್ಗಿನಿಂದ ಆಂಪ್ಲಿಫಯರಿಗೆ ಹೋಗುವ ಶಕ್ತಿ) ಕೊಟ್ಟು ನೋಡಿದರೆ 650ರ ತನಕ ಏರುವ ಲಕ್ಷಣ. ಡ್ರೈವ್ ತಗ್ಗಿಸಿ 400ಕ್ಕೆ ತಂದಾಗ 14 ಆಂಪಿಯರ್. ಎಂದರೆ 730 ವ್ಯಾಟ್ ಒಳಗೆ, 400 ಹೊರಗೆ, ಉಳಿದ 330 ಹೀಟ್‌ಸಿಂಕಿಗೆ. ಫ್ಯಾನ್ ಕಿರುಚುತ್ತಿತ್ತು.

ಡ್ರೈವ್ ತಗ್ಗಿಸಿದರೆ ಬ್ಯಾಟರಿ ಉಳಿಯುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ತಿಳಿಯದು. ರಿಗ್ಗಿನಲ್ಲೇ ನೋಡಿ: 100 ವ್ಯಾಟಿಗೆ 20 ಆಂಪಿಯರ್ ಎಳೆಯುವ ರಿಗ್ 50 ವ್ಯಾಟಿಗೆ 10 ಎಳೆಯುವುದಿಲ್ಲ, 14-15 ಎಳೆಯುತ್ತದೆ. ಔಟ್‌ಪುಟ್ ಅರ್ಧವಾದರೆ ಕರೆಂಟ್ ಇಳಿಯುವುದು ವರ್ಗಮೂಲದ ಲೆಕ್ಕದಲ್ಲಿ. ಇಳಿಸಬೇಕಾದದ್ದು ಡ್ರೈನ್ ವೋಲ್ಟೇಜ್, ಎಂದರೆ ಟ್ರಾನ್ಸಿಸ್ಟರಿಗೆ ಬ್ಯಾಟರಿಯಿಂದ ಸಿಗುವ ವೋಲ್ಟೇಜ್. ಎರಡು ಸೆಲ್ ತೆಗೆದು ಹದಿನಾಲ್ಕು ಮಾಡಿದೆ, ಲೋಡಿನಲ್ಲಿ 45.5 ವೋಲ್ಟ್. ಮತ್ತೆ 400 ವ್ಯಾಟಿಗೆ ತಂದರೆ ಆಂಪಿಯರ್ ಮೀಟರ್ ಅದೇ 14ರಲ್ಲಿ ನಿಂತಿದೆ! ಪಕ್ಕದಲ್ಲಿದ್ದ ಗೆಳೆಯರು, ಅವರೂ ಹಳೆಯ ಹ್ಯಾಮ್, ಇಷ್ಟಕ್ಕೆ ಇಷ್ಟೆಲ್ಲ ಒದ್ದಾಟವೇ ಎಂದು ಎದ್ದುಹೋಗುವುದರಲ್ಲಿದ್ದರು. ಗುಣಿಸಿ ನೋಡಿ ಎಂದೆ. ಲೋಡ್ ಅದೇ, ಔಟ್‌ಪುಟ್ ಅದೇ, ಹಾಗಿರುವಾಗ ಕರೆಂಟೂ ಅದೇ ಇರಬೇಕು. ಕಡಿಮೆಯಾದದ್ದು ಅದರ ಹಿಂದಿನ ವೋಲ್ಟೇಜ್. ಒಳಹೋಗುವುದು 640 ವ್ಯಾಟ್ ಆಯಿತು, ಬಿಸಿಯಾಗಿ ಪೋಲಾಗುವುದು 90 ವ್ಯಾಟ್ ಕಡಿಮೆಯಾಯಿತು. ಫ್ಯಾನ್ ಈಗ ಅರ್ಧ ವೇಗದಲ್ಲಿ ಸುತ್ತುತ್ತದೆ. ಎರಡು ಸೆಲ್‌ಗಳ ದುಡ್ಡೂ ಉಳಿಯಿತು.

ಆಸೆಗೆ ಹದಿಮೂರೂ ಪ್ರಯತ್ನಿಸಿದ್ದುಂಟು. ದಕ್ಷತೆ ಇನ್ನೂ ಮೇಲೇರಿತು, ಆದರೆ 400ರ ಮೇಲೆ ಜಾಗವೇ ಇಲ್ಲ. ಮಾತಿನ ತುದಿ ಚಪ್ಪಟೆಯಾಗಿ, ಸ್ವರ ಒರಟಾಗಿದೆ ಎಂಬ ದೂರು ಬಂತು. ಹದಿನಾಲ್ಕರಲ್ಲಿ 500ರ ತನಕ ಜಾಗವಿದೆ, 400ಕ್ಕೆ ನಿಲ್ಲಿಸಿದರೆ ಸ್ವರ ಶುದ್ಧ.

ನನ್ನ ತಲೆ ತಿಂದದ್ದು ಬಿಎಂಎಸ್, ಎಂದರೆ ಸೆಲ್‌ಗಳನ್ನು ಕಾಯುವ ಬೋರ್ಡು. 30 ಆಂಪಿಯರ್ ಎಂದು ಬರೆದಿದ್ದ ಅಗ್ಗದ ಬೋರ್ಡು, ಆಂಪ್ಲಿಫಯರಿನ ದೊಡ್ಡ ಕೆಪಾಸಿಟರ್‌ಗಳನ್ನು ಜೋಡಿಸಿದ ಕ್ಷಣಕ್ಕೇ ಶಾರ್ಟ್ ಎಂದು ಭಾವಿಸಿ ಕಡಿದುಕೊಳ್ಳುತ್ತಿತ್ತು. ಮೊದಲು ರೆಸಿಸ್ಟರ್ ಮೂಲಕ ಚಾರ್ಜ್ ಮಾಡಿ ಆಮೇಲೆ ರಿಲೇ ಹಾಕುವ ವ್ಯವಸ್ಥೆ ಮಾಡಿದ ಮೇಲೆ ಅದು ಸರಿಹೋಯಿತು. ಆಗ ಇನ್ನೊಂದು ರೋಗ: 20 ಮೀಟರಿನಲ್ಲಿ ಮಾತ್ರ, ಮಾತಿನ ನಡುವೆ ಕಡಿತ. ಆರ್‌ಎಫ್, ಎಂದರೆ ನನ್ನದೇ ರೇಡಿಯೋ ತರಂಗ, ಅದರ ಸೆಲ್ ತಂತಿಗಳಲ್ಲಿ ನುಗ್ಗಿ ಸುಳ್ಳು ವೋಲ್ಟೇಜ್ ತೋರಿಸುತ್ತಿತ್ತು. ಆ ಬೋರ್ಡಿಗೂ ಅದರ ತಮ್ಮನಿಗೂ ಸೇರಿ ಐದು ಸಾವಿರ ಹೋಯಿತು. ಮೂರನೆಯದು ದುಬಾರಿ, ಲೋಹದ ಪೆಟ್ಟಿಗೆಯೊಳಗೆ ಕೂತಿದೆ, ಸೆಲ್ ತಂತಿಗಳೆಲ್ಲ ಆ ತರಂಗವನ್ನು ತಡೆಯುವ 31ರ ಮಿಶ್ರಣದ ಫೆರೈಟ್ ಮೂಲಕ ಬರುತ್ತವೆ. ಫ್ಯೂಸ್ ಡಿಸಿಗೆಂದೇ ಮಾಡಿದ್ದು. ಮನೆಯ ಎಂಸಿಬಿಯನ್ನು ಇಲ್ಲಿ ಹಾಕಬೇಡಿ. 50 ವೋಲ್ಟ್ ಡಿಸಿಯ ಕಿಡಿ ಅದರಲ್ಲಿ ಆರದೆ ಉರಿಯಬಹುದು.

ಡ್ರೈವ್ ಬಗ್ಗೆ ಒಂದು ಮಾತು. ಈ ಜೋಡಿಗೆ ಮೂರು ವ್ಯಾಟ್ ಸಾಕು. ಆದರೆ 100 ವ್ಯಾಟಿನ ರಿಗ್ಗನ್ನು ಎಷ್ಟು ತಗ್ಗಿಸಿಟ್ಟರೂ, ಮೈಕಿನ ಪಿಟಿಟಿ ಗುಂಡಿ ಒತ್ತಿದ ಮೊದಲ ಕ್ಷಣದಲ್ಲಿ, ಶಕ್ತಿಯನ್ನು ಹಿಡಿದಿಡುವ ಎಎಲ್‌ಸಿ ಎಚ್ಚರಗೊಳ್ಳುವ ಮುನ್ನ, ಕೆಲವು ರಿಗ್‌ಗಳು ಪೂರ್ಣ ಶಕ್ತಿಯನ್ನೇ ಉಗುಳುತ್ತವೆ. ಮೊದಲ ಜೋಡಿಯ ಒಂದು ಟ್ರಾನ್ಸಿಸ್ಟರಿನ ಗೇಟ್ (ಡ್ರೈವ್ ಒಳಹೋಗುವ ಕಾಲು) ಹಾಗೆಯೇ ಸತ್ತಿತು. ಈಗ ನಡುವೆ ಶಕ್ತಿಯನ್ನು ಹತ್ತನೇ ಒಂದು ಪಾಲಿಗೆ ಇಳಿಸುವ 10 ಡಿಬಿ ಪ್ಯಾಡ್ ಇದೆ, ರಿಗ್ಗನ್ನು 30 ವ್ಯಾಟಿನಲ್ಲಿ ಇಡುತ್ತೇನೆ. 100 ಬಂದರೂ ಗೇಟಿನ ಕಡೆಗೆ ಹೋಗುವುದು 10. ಅದರ ಮೇಲೆ ಎಎಲ್‌ಸಿ ತಂತಿಯಲ್ಲಿ ಇನ್ನೊಂದು ಉಪಾಯವಿದೆ, ಅದನ್ನೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಲೆಕ್ಕವನ್ನೂ ಇಲ್ಲಿ ಬರೆಯುವುದಿಲ್ಲ. ಕಾಫಿಗೆ ಬಂದವರಿಗೆ ಹೇಳುತ್ತೇನೆ.

ರಿಗ್‌ಗೆ ಬೇರೆ ಬ್ಯಾಟರಿ ಏಕೆ ಎಂದು, ಅದೇ ಬ್ಯಾಟರಿ ಬ್ಯಾಂಕಿನ ಕೆಳಗಿನ ನಾಲ್ಕು ಸೆಲ್‌ಗಳಿಂದ 13 ವೋಲ್ಟ್ ಎಳೆದು ನೋಡಿದೆ. ಆ ನಾಲ್ಕು ಬಡವಾದವು, ಉಳಿದ ಹತ್ತು ತುಂಬಿ ನಿಂತವು, ಇಡೀ ಬ್ಯಾಂಕಿನ ಸಮತೋಲ ಕೆಟ್ಟಿತು. ವೋಲ್ಟೇಜ್ ಇಳಿಸುವ ಕನ್ವರ್ಟರ್ ಹಾಕಿದರೆ 40 ಮೀಟರಿನ ತುಂಬ ಶಿಳ್ಳೆ. ತೆಗೆದಿಟ್ಟಿದ್ದ ಎರಡು ಸೆಲ್‌ಗೆ ಇನ್ನೆರಡು ಸೇರಿಸಿ ರಿಗ್‌ಗೆ ಪ್ರತ್ಯೇಕ ಬ್ಯಾಟರಿ ಮಾಡಿದೆ. ಎರಡು ಸೆಲ್ ಉಳಿಯಿತು ಎಂದಿದ್ದೆನಲ್ಲ, ಅಲ್ಲಿಗೆ ಆ ಉಳಿತಾಯವೂ ಮುಗಿಯಿತು. ಸೂಪರ್ ಕೆಪಾಸಿಟರ್ ಆರು ಜೋಡಿಸಿ ಹಳೆಯ ಲೆಡ್ ಆಸಿಡ್ ಬ್ಯಾಟರಿಗೆ ಊರುಗೋಲು ಕೊಟ್ಟ ಪ್ರಯೋಗವೂ ನಡೆಯಿತು. ಎಸ್‌ಎಸ್‌ಬಿಗೆ ಚೆನ್ನಾಗಿದೆ, ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8ಗೆ ನಿಷ್ಪ್ರಯೋಜಕ, ಏಕೆಂದರೆ ಅಲ್ಲಿ ಹದಿನೈದು ಸೆಕೆಂಡಿನಲ್ಲಿ ಸುಮಾರು ಹನ್ನೆರಡೂವರೆ ಸೆಕೆಂಡ್ ಬಿಡುವಿಲ್ಲದ ಪೂರ್ಣ ಕರೆಂಟ್.

ಎಫ್‌ಟಿ8ಗೆ ನಾನು ಆಂಪ್ಲಿಫಯರನ್ನೇ ಬೈಪಾಸ್ ಮಾಡುತ್ತೇನೆ. ಅದರಿಂದ 100 ವ್ಯಾಟ್ ತೆಗೆದರೆ 320 ವ್ಯಾಟ್ ತಿನ್ನುತ್ತದೆ; ರಿಗ್ ಒಂದೇ ಆದರೆ 270-280ರಲ್ಲಿ ಅದೇ ಕೆಲಸ ಮುಗಿಸುತ್ತದೆ.

ಸಂಜೆ ಮೂರು ಗಂಟೆಗಳ ಕಾಲ ಎಸ್‌ಎಸ್‌ಬಿ ಮಾತನಾಡಿದರೆ ದೊಡ್ಡ ಬ್ಯಾಂಕಿನಿಂದ ಐದಾರು ಆಂಪಿಯರ್ ಅವರ್ ಖರ್ಚಾಗುತ್ತದೆ, ಅಷ್ಟೇ. ಚಾರ್ಜರ್ 5 ಆಂಪಿಯರಿನದು, 170 ವೋಲ್ಟಿನಲ್ಲೂ ಗೊಣಗುವುದಿಲ್ಲ, ಬ್ಯಾಂಡಿನಲ್ಲಿ ಕೂರುವಾಗ ಅದರ ಪ್ಲಗ್ ಕಿತ್ತಿಡುತ್ತೇನೆ. ಊರಿಗೆಲ್ಲ ಕರೆಂಟು ಹೋದಾಗಂತೂ ಹಬ್ಬ. ಸುತ್ತಲಿನ ಎಲ್‌ಇಡಿ ಬಲ್ಬುಗಳ ಕರಕರ ನಿಂತು 40 ಮೀಟರಿನ ಗದ್ದಲ, ಸಿಗ್ನಲ್ ಬಲ ಅಳೆಯುವ ಎಸ್ ಮೀಟರಿನಲ್ಲಿ, ಎಸ್7ರಿಂದ ಎಸ್3ಕ್ಕೆ ಇಳಿಯುತ್ತದೆ. 100ರಿಂದ 400ಕ್ಕೆ ಏರಿದ ನನಗೆ ಆಚೆ ಬದಿಯಲ್ಲಿ ಸಿಗುವುದು ಒಂದೇ ಎಸ್ ಯೂನಿಟ್. ಕರೆಂಟು ಹೋದರೆ ಕಿವಿಗೆ ಪುಕ್ಕಟೆಯಾಗಿ ನಾಲ್ಕು. ಡೈಪೋಲ್ ಆಂಟೆನಾವನ್ನು ಎತ್ತರಿಸದೆ ಆಂಪ್ಲಿಫಯರ್‌ಗೆ ದುಡ್ಡು ಸುರಿಯುವವರು ಇದನ್ನು ಗಮನಿಸಲಿ.

ಪಕ್ಕದೂರಿನ ಕಾಫಿ ತೋಟದ ಯಜಮಾನರೊಬ್ಬರು ತಮ್ಮ 27 ಮೆಗಾಹರ್ಟ್ಸ್ ಸಿಬಿ ಸೆಟ್ಟಿನ ಹಿಂದೆ ಇದನ್ನು ಕಟ್ಟಿಕೊಡಿ ಎಂದು ಮುಂಗಡವನ್ನೇ ತಂದಿದ್ದರು. ಪರವಾನಗಿ ಬೇಡದ ಆ ಬ್ಯಾಂಡಿನ ಮಿತಿ 5 ವ್ಯಾಟ್. ದುಡ್ಡು ವಾಪಸು ಕೊಟ್ಟು, ಪರೀಕ್ಷೆ ಬರೆದು ಹ್ಯಾಮ್ ಆಗಿ ಎಂದೆ. ಓದುತ್ತಿದ್ದಾರಂತೆ.

ಒಟ್ಟು ಖರ್ಚು, ಸುಟ್ಟದ್ದೂ ಸೇರಿ, ಎಂಬತ್ತು ಸಾವಿರ ದಾಟಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೆಲ್‌ಗಳದ್ದು. ಮೇಲಿನ ಆವರ್ತನಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್‌ನಲ್ಲಿ ಜಿಪುಣತನ ಮಾಡಲಿಲ್ಲ. ಪುಶ್‌ಪುಲ್‌ನಲ್ಲಿ ಮೂರನೆಯ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದ ನೆರಳು) ಜೋರು, 7 ಮೆಗಾಹರ್ಟ್ಸ್‌ನಲ್ಲಿ ಮಾತನಾಡಿದ್ದು 21ರಲ್ಲಿ ಕೇಳಿಸಬಾರದು. ಹೀಟ್‌ಸಿಂಕ್ ಗುಜರಿಯದು, ತೂಕದ ಲೆಕ್ಕದಲ್ಲಿ ಸಿಕ್ಕಿತು. ಈಗ 15 ಮೀಟರಿನ ಫಿಲ್ಟರ್ ಸುತ್ತುತ್ತಿದ್ದೇನೆ, ಅದರ ಎರಡನೆಯ ಕಾಯಿಲ್ ಯಾಕೋ ಇನ್ನೂ ಬಿಸಿಯಾಗುತ್ತಿದೆ.